ಹಡಗಿನ ಟೈಮ್‌ಟೇಬಲ್ ಮೇಲೆ ನಡೆದ ಫುಟ್‌ಬಾಲ್: ಮುಂಬೈಯ ರೋವರ್ಸ್ ಕಪ್, ಪಲ್ಟನ್ ಟೀಮುಗಳು ಮತ್ತು ಬೆಂಗಳೂರು ದಂಡಿನ ಹುಡುಗರು

ಈ ವಾರದ ಮಾತಿನ ಬರಹರೂಪ ಇದು. ಮಾತಾಡುವಾಗ ಹಿಂದೆ ಮುಂದೆ ಆಗಿದ್ದನ್ನ ಇಲ್ಲಿ ಸರಿ ಮಾಡಿದ್ದೀನಿ, ಟೈಮ್ ಸಾಲದೆ ಬಿಟ್ಟಿದ್ದನ್ನೂ ಸೇರಿಸಿದ್ದೀನಿ.

ನಮ್ಮಲ್ಲಿ ಆಫೀಸ್ ಟೀಮ್‌ನಲ್ಲಿ ಆಡಿದವರಿಗೆ ಒಂದು ಅನುಭವ ಇದ್ದೇ ಇರುತ್ತೆ. ಎರಡು ವರ್ಷ ಕಷ್ಟಪಟ್ಟು ಒಳ್ಳೇ ಟೀಮ್ ಕಟ್ಟಿರ್ತೀವಿ. ಗೋಲ್‌ಕೀಪರ್‌ಗೆ ಆನ್‌ಸೈಟ್ ಸಿಗುತ್ತೆ, ಸ್ಟ್ರೈಕರ್ ಪುಣೆಗೆ ಟ್ರಾನ್ಸ್‌ಫರ್ ಆಗ್ತಾನೆ, ಇನ್ನಿಬ್ಬರು ಪೇಪರ್ ಹಾಕ್ತಾರೆ. ಮುಂದಿನ ಸೀಸನ್‌ಗೆ ಜರ್ಸಿ ಮಾತ್ರ ಹಳೇದು, ಟೀಮ್ ಬೇರೆ. ಈಗ ಒಂದು ಇಡೀ ನಗರದ ಫುಟ್‌ಬಾಲ್ ನಲವತ್ತು ಐವತ್ತು ವರ್ಷ ಹೀಗೇ ನಡೆದಿತ್ತು ಅಂದ್ರೆ ನಂಬ್ತೀರಾ? ನಡೆದಿತ್ತು, ಇದೇ ಮುಂಬೈಯಲ್ಲಿ. ಆ ಪದ್ಧತಿಯನ್ನ ಮೊದಲು ಮುರಿದ ಟೀಮ್ ಬಂದಿದ್ದು ನಮ್ಮ ಬೆಂಗಳೂರಿಂದ.

ಚರ್ಚ್‌ಗೇಟ್‌ನಲ್ಲಿ ಇಳಿದು ಓವಲ್ ಮೈದಾನದ ಪಕ್ಕ ಹಿಡಿದು ದಕ್ಷಿಣಕ್ಕೆ ನಡೆದರೆ ಕೂಪರೇಜ್ ಮೈದಾನ ಸಿಗುತ್ತೆ. ಮಂತ್ರಾಲಯದ ಕಡೆ ಕೆಲಸಕ್ಕೆ ಹೋಗೋರು ದಿನಾ ಅದರ ಕಾಂಪೌಂಡ್ ಪಕ್ಕದಲ್ಲೇ ಹಾದು ಹೋಗ್ತಾರೆ. ಹೆಸರಿನ ಅರ್ಥ ಪೀಪಾಯಿ ಮಾಡುವ ಜಾಗ ಅಂತ. ಕಂಪನಿ ಸರ್ಕಾರದ ಕಾಲದಲ್ಲಿ ಹಡಗುಗಳಿಗೆ ಬೇಕಾದ ಪೀಪಾಯಿ ಕಟ್ಟೋರು ಆ ಕಡೆ ಕೆಲಸ ಮಾಡ್ತಿದ್ರು. ಆಮೇಲೆ ಅದು ಫುಟ್‌ಬಾಲ್ ಮೈದಾನ ಆಯ್ತು, ರೋವರ್ಸ್ ಕಪ್ಪಿನ ಮನೆ ಆಯ್ತು. ಹಡಗಿಗೂ ಈ ಮೈದಾನಕ್ಕೂ ಇರೋ ನಂಟು ಹೆಸರಿಗೆ ಮಾತ್ರ ಸೀಮಿತ ಅಲ್ಲ, ಅದನ್ನೇ ಈಗ ಹೇಳೋಕೆ ಹೊರಟಿರೋದು.

ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ಆಗ ದೇಶದಲ್ಲಿ ಇದಕ್ಕಿಂತ ಹಳೇದು ಅಂದ್ರೆ 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್. 1893ರಲ್ಲಿ ಕಲ್ಕತ್ತಾದ ಐ.ಎಫ್.ಎ. ಶೀಲ್ಡ್ ಬಂತು. ಈ ಮೂರೂ ಸೇರಿ ಬ್ರಿಟಿಷ್ ಸೈನ್ಯದ ಫುಟ್‌ಬಾಲ್ ಪಂಚಾಂಗ. ಮೊದಲ ರೋವರ್ಸ್ ಗೆದ್ದಿದ್ದು ವೂಸ್ಟರ್‌ಶೈರ್ ರೆಜಿಮೆಂಟಿನ ಒಂದನೇ ಬೆಟಾಲಿಯನ್. ಅಲ್ಲಿಂದ ಮುಂದಿನ ಗೆದ್ದವರ ಪಟ್ಟಿ ಓದ್ತಾ ಹೋದರೆ ಇಂಗ್ಲೆಂಡ್ ಸ್ಕಾಟ್‌ಲೆಂಡಿನ ಜಿಲ್ಲೆಗಳ ಹೆಸರಿನ ಭೂಗೋಳದ ಪಾಠ ಓದಿದ ಹಾಗೆ ಆಗುತ್ತೆ. 1902ರಲ್ಲಿ ನಗರದ ಲೀಗ್ ಶುರುವಾಯ್ತು, ಮುಂದೆ ಅದು ಹಾರ್ವುಡ್ ಲೀಗ್ ಅಂತ ಹೆಸರಾಯ್ತು. ಅಲ್ಲೂ ಆರಂಭದ ದಿನಗಳಲ್ಲಿ ಪಲ್ಟನ್‌ಗಳದ್ದೇ ದರ್ಬಾರು.

ಈಗ ಈ ಪಲ್ಟನ್ ಟೀಮ್ ಅನ್ನೋದು ಹೇಗೆ ಕೆಲಸ ಮಾಡ್ತಿತ್ತು ನೋಡೋಣ. ಇಡೀ ಕತೆಯ ಬೀಗದಕೈ ಇಲ್ಲೇ ಇದೆ.

ಬ್ರಿಟಿಷ್ ಕಾಲಾಳು ರೆಜಿಮೆಂಟ್‌ಗೆ ಸಾಮಾನ್ಯವಾಗಿ ಎರಡು ಖಾಯಂ ಬೆಟಾಲಿಯನ್ ಇರ್ತಿತ್ತು. 1870ರ ದಶಕದಲ್ಲಿ ಯುದ್ಧಮಂತ್ರಿ ಎಡ್ವರ್ಡ್ ಕಾರ್ಡ್‌ವೆಲ್ ತಂದ ಸುಧಾರಣೆ ಪ್ರಕಾರ ಒಂದು ಬೆಟಾಲಿಯನ್ ಊರಲ್ಲಿ, ಇನ್ನೊಂದು ಹೊರದೇಶದಲ್ಲಿ. ಊರಲ್ಲಿದ್ದದ್ದು ಹೊಸಬರನ್ನ ತರಬೇತಿ ಮಾಡಿ ಹೊರಗಿನದಕ್ಕೆ ಕಳಿಸೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಬೆಂಚು, ಇನ್ನೊಂದು ಆನ್‌ಸೈಟ್. ಭಾರತಕ್ಕೆ ಬಂದ ಬೆಟಾಲಿಯನ್ ಇಲ್ಲಿ ಹತ್ತು ಹದಿನೈದು ವರ್ಷ ಇರಬಹುದು, ಆದರೆ ಒಂದೇ ಊರಲ್ಲಿ ಅಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಸ್ಟೇಷನ್ ಬದಲು. ಇವತ್ತು ಕೊಲಾಬಾ, ನಾಳೆ ಪೂನಾ, ಆಮೇಲೆ ಸಿಕಂದರಾಬಾದು, ಅಲ್ಲಿಂದ ಪೇಶಾವರದ ಗಡಿ. ಜೊತೆಗೆ ಸಿಪಾಯಿಗಳ ಸೇವಾವಧಿಯನ್ನೂ ಕಾರ್ಡ್‌ವೆಲ್ ಕಡಿಮೆ ಮಾಡಿದ್ದ. ಅಂದ್ರೆ ಬೆಟಾಲಿಯನ್ ನಿಂತರೂ ಒಳಗಿನ ಹುಡುಗರು ಬದಲಾಗ್ತಾನೇ ಇರ್ತಾರೆ.

ಈ ಬದಲಾವಣೆ ವರ್ಷ ಪೂರ್ತಿ ನಡೆಯೋದಲ್ಲ. ಅದಕ್ಕೊಂದು ಕಾಲ ಇತ್ತು. ಸೈನಿಕರನ್ನ ಹೊತ್ತ ಹಡಗುಗಳು ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಸೆಕೆ ಕಡಿಮೆ ಇರೋ ತಿಂಗಳುಗಳಲ್ಲಿ ಮಾತ್ರ ಬಾಂಬೆಗೆ ಬಂದು ಹೋಗ್ತಿದ್ವು. ಸೇವೆ ಮುಗಿದ ಸಿಪಾಯಿಗೆ ಏಪ್ರಿಲ್‌ನಲ್ಲಿ ಅವಧಿ ಮುಗಿದರೆ ಅವನು ಮಳೆಗಾಲ ಕಳೆಯೋವರೆಗೂ ಕಾಯಬೇಕು. ಎಲ್ಲಿ? ನಾಸಿಕ್ ಹತ್ತಿರ ದೇವಳಾಲಿಯ ಕ್ಯಾಂಪಿನಲ್ಲಿ. ಕೆಲಸ ಇಲ್ಲ, ಕಾರ್ಯ ಇಲ್ಲ, ಬಿಸಿಲು, ಬೇಜಾರು, ಜ್ವರ. ಅಲ್ಲಿದ್ದು ತಲೆ ಕೆಟ್ಟೋರ ಮೇಲಿಂದ ಇಂಗ್ಲಿಷಿನಲ್ಲಿ ‘ಡೂಲ್ಯಾಲಿ’ ಅನ್ನೋ ಪದವೇ ಹುಟ್ಟಿಕೊಂಡಿತು, ಹುಚ್ಚು ಹಿಡಿದಿದೆ ಅನ್ನೋ ಅರ್ಥದಲ್ಲಿ. ನಾಸಿಕ್ ಕಡೆ ವೀಕೆಂಡ್ ಹೋಗುವಾಗ ದೇವಳಾಲಿ ಸ್ಟೇಷನ್ ಬೋರ್ಡ್ ನೋಡಿದರೆ ಇದನ್ನ ನೆನಪಿಸಿಕೊಳ್ಳಿ.

ಈ ಎರಡನ್ನ ಈಗ ಪಕ್ಕ ಪಕ್ಕ ಇಡಿ. ಹಡಗಿನ ಕಾಲ ಚಳಿಗಾಲ. ಮುಂಬೈಯಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಒಣ ತಿಂಗಳಲ್ಲಿ ಮೈದಾನಗಳೆಲ್ಲ ಕ್ರಿಕೆಟ್‌ಗೆ, ಹಾಕಿಗೆ. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಚೆಂಡು. ಪಲ್ಟನ್ ಟೀಮಿಗೆ ಇದು ವರ. ಮಾರ್ಚ್‌ಗೆ ಕೊನೇ ಹಡಗು ಹೋದ ಮೇಲೆ ಉಳಿದ ಜನ ಮುಂದಿನ ಆರು ತಿಂಗಳು ಎಲ್ಲೂ ಹೋಗಲ್ಲ. ಯಾರಿದ್ದಾರೋ ಅವರೇ ಟೀಮು. ಕಂಪನಿ ಕಂಪನಿಗಳ ನಡುವೆ ಮ್ಯಾಚ್ ಆಡಿಸಿ ಹನ್ನೊಂದು ಜನರನ್ನ ಆರಿಸೋದು, ಬೆಳಗ್ಗೆ ಕವಾಯತು, ಸಂಜೆ ಅಭ್ಯಾಸ, ಊಟ ಸರ್ಕಾರದ್ದು, ಬೂಟು ರೆಜಿಮೆಂಟಿನದು, ರೈಲು ಖರ್ಚು ರೆಜಿಮೆಂಟಿನ ನಿಧಿಯಿಂದ. ಅಕ್ಟೋಬರ್ ಬಂತು ಅಂದ್ರೆ ಟೀಮು ಒಡೆಯಿತು. ಮುಂದಿನ ವರ್ಷ ಶುರುವಿನಿಂದ ಶುರು. ಹಾಗಾಗಿ ಪಲ್ಟನ್ ಟೀಮಿಗೆ ಒಂದು ಸೀಸನ್ ಅಂದ್ರೆ ಹೆಚ್ಚುಕಮ್ಮಿ ಒಂದು ಪೂರ್ತಿ ಜನ್ಮ.

ಸೈನ್ಯ ಇದಕ್ಕೆ ಇಷ್ಟೊಂದು ದುಡ್ಡು, ಸಮಯ ಯಾಕೆ ಹಾಕ್ತಿತ್ತು? ಪ್ರೀತಿಯಿಂದ ಅಂತೂ ಅಲ್ಲ. ಬ್ಯಾರಕ್ಕಿನಲ್ಲಿ ಇಪ್ಪತ್ತರ ಹರೆಯದ ಎಂಟುನೂರು ಒಂಬೈನೂರು ಹುಡುಗರು, ಯುದ್ಧ ಇಲ್ಲದ ದಿನಗಳಲ್ಲಿ ಮಾಡೋಕೆ ಕೆಲಸ ಇಲ್ಲ, ಹೊರಗೆ ಬಜಾರು, ಸಾರಾಯಿ. ಆಸ್ಪತ್ರೆ ಸೇರೋರ ಸಂಖ್ಯೆ ನೋಡಿ ಅಧಿಕಾರಿಗಳಿಗೆ ತಲೆಬಿಸಿ. ಅದಕ್ಕೆ ಆಟ. ಅಧಿಕಾರಿಗಳು ತಮಗೆ ಪೋಲೊ ಇಟ್ಟುಕೊಂಡರು, ಸಿಪಾಯಿಗೆ ಫುಟ್‌ಬಾಲ್ ಕೊಟ್ಟರು. ಇವತ್ತಿನ ಹೆಚ್‌ಆರ್‌ನವರ ‘ಎಂಪ್ಲಾಯೀ ಎಂಗೇಜ್‌ಮೆಂಟ್’ ನೆನಪಾದರೆ ತಪ್ಪು ನನ್ನದಲ್ಲ.

ಒಂದು ಟೀಮು ಸ್ವಲ್ಪ ವರ್ಷ ಒಂದೇ ಕಡೆ ನಿಂತರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಡ್ಯುರಾಂಡ್‌ನಲ್ಲಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ 1893, 94, 95 ಸತತ ಮೂರು ಸಲ ಗೆದ್ದು ಕಪ್ಪನ್ನೇ ಮನೆಗೆ ಒಯ್ದಿತು. ಹೊಸ ಕಪ್ ಮಾಡಿಸಿದರು. 1897ರಿಂದ 99ರವರೆಗೆ ಬ್ಲ್ಯಾಕ್ ವಾಚ್ ಗೆದ್ದು ಅದನ್ನೂ ಒಯ್ದಿತು. ಮೊದಲ ಮಹಾಯುದ್ಧ ಬಂದಾಗ 1914ರಿಂದ 1919ರವರೆಗೆ ಡ್ಯುರಾಂಡ್ ನಡೆಯಲೇ ಇಲ್ಲ. ಆಡೋರೆಲ್ಲ ಕಂದಕದಲ್ಲಿದ್ರು.

ಈ ವ್ಯವಸ್ಥೆಯೊಳಗೆ ಭಾರತೀಯ ಕ್ಲಬ್ಬುಗಳು ಎಲ್ಲಿದ್ವು? ಕಲ್ಕತ್ತಾದಲ್ಲಿ 1911ರ ಜುಲೈ 29ರಂದು ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನ 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತ್ತು, ಬಹುತೇಕ ಬರಿಗಾಲಿನಲ್ಲಿ. ಅದು ಎಲ್ಲರಿಗೂ ಗೊತ್ತಿರೋ ಕತೆ. ಬಾಂಬೆಯಲ್ಲಿ ಬಾಗಿಲು ತೆರೆದಿದ್ದು ಇನ್ನೂ ತಡವಾಗಿ. 1923ರಲ್ಲಿ ಮೋಹನ್ ಬಾಗಾನ್‌ಗೆ ರೋವರ್ಸ್ ಆಡೋಕೆ ಕರೆ ಬಂತು. ಫೈನಲ್‌ವರೆಗೂ ಬಂದರು. ಅಲ್ಲಿ ಡರ್ಹಮ್ ಲೈಟ್ ಇನ್‌ಫೆಂಟ್ರಿ 4-1ರಿಂದ ಹೊಡೆದು ಹಾಕಿತು.

ಬರಿಗಾಲಿನ ಬಗ್ಗೆ ಒಂದು ಮಾತು. ನಮ್ಮವರು ಬಡತನಕ್ಕೆ ಬೂಟು ಹಾಕ್ತಿರಲಿಲ್ಲ ಅಂತ ಸುಲಭವಾಗಿ ಹೇಳಿಬಿಡ್ತೀವಿ. ಪೂರ್ತಿ ನಿಜ ಅಲ್ಲ. ಗಟ್ಟಿ ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಮೇಲೆ ಹಿಡಿತ ಜಾಸ್ತಿ, ಓಟ ಹಗುರ. ಆಗಿನ ಬೂಟು ಅಂದ್ರೆ ಗಿಣ್ಣಿನ ಮೇಲಿನವರೆಗೂ ಬರೋ ದಪ್ಪ ಚರ್ಮದ್ದು. ಆದರೆ ನೆಲ ಕೆಸರಾದ ತಕ್ಷಣ ಲೆಕ್ಕ ತಿರುಗಿಬೀಳುತ್ತೆ. ಬೂಟಿನವನು ನಿಲ್ತಾನೆ, ಬರಿಗಾಲಿನವನು ಜಾರ್ತಾನೆ. ಮುಂಬೈಯ ಜುಲೈ ಆಗಸ್ಟ್ ಮಳೆ ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಈ ಪಾಠವನ್ನ ಮೊದಲು ಸರಿಯಾಗಿ ಕಲಿತದ್ದು ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಮಳೆ ಬಂದ ದಿನ ಬೂಟು ಹಾಕಿದರು. ಊರೂರಿಂದ ಆಟಗಾರರನ್ನ ಕರೆಸಿದರು, ಬೆಂಗಳೂರಿಂದಲೂ ಕರೆಸಿದರು. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದರು.

ಬೆಂಗಳೂರಿಂದ ಯಾಕೆ ಅನ್ನೋದು ಮುಖ್ಯವಾದ ಪ್ರಶ್ನೆ.

ಬೆಂಗಳೂರು ಆಗ ಎರಡು ಊರು. ಈ ಕಡೆ ಪೇಟೆ, ಮೈಸೂರು ಮಹಾರಾಜರದ್ದು. ಆ ಕಡೆ ದಂಡು, 1809ರಿಂದ ಬ್ರಿಟಿಷ್ ಸೈನ್ಯದ್ದು. 1881ರಲ್ಲಿ ಸಂಸ್ಥಾನವನ್ನ ಮಹಾರಾಜರಿಗೆ ವಾಪಸ್ ಕೊಟ್ಟಾಗಲೂ ದಂಡನ್ನ ಕೊಡಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅಂತ ಬೇರೆಯೇ ಆಡಳಿತ ಇಟ್ಟುಕೊಂಡರು, 1947ರವರೆಗೆ. ಅಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಎಲ್ಲ ದಂಡಿನ ಸೀಮೆ. ಪಲ್ಟನ್‌ಗಳಿಗೆ ಬೇಕಾದ ಎಲ್ಲಾ ಕೆಲಸ ಮಾಡೋ ಜನ, ಅಂದ್ರೆ ದರ್ಜಿಗಳು, ಅಡುಗೆಯವರು, ಚರ್ಮದ ಕೆಲಸದವರು, ಕುದುರೆ ನೋಡಿಕೊಳ್ಳೋರು, ವ್ಯಾಪಾರಿಗಳು, ಅಲ್ಲೇ ನೆಲೆಸಿದ್ರು. ತಮಿಳು, ಉರ್ದು, ಕನ್ನಡ, ತೆಲುಗು ಬೆರೆತ ಬೀದಿಗಳು. ಪಕ್ಕದಲ್ಲೇ ಕವಾಯತು ಮೈದಾನ. ಅಲ್ಲಿ ದೊರೆಗಳ ಪಲ್ಟನ್‌ಗಳು ಬದಲಾಗ್ತಾ ಇದ್ವು, ಆಟ ನೋಡ್ತಾ ನಿಂತ ಹುಡುಗರು ಬದಲಾಗಲಿಲ್ಲ. ಒಂದು ಬೆಟಾಲಿಯನ್ ಹೋದರೆ ಇನ್ನೊಂದು ಬರುತ್ತೆ, ಇನ್ನೊಂದು ತರದ ಆಟ ತರುತ್ತೆ. ಮೈದಾನದ ಅಂಚಿನಲ್ಲಿ ನಿಂತವನು ಎಲ್ಲಾ ನೋಡ್ತಾನೆ. ಅವನಿಗೆ ಟ್ರಾನ್ಸ್‌ಫರ್ ಇಲ್ಲ.

ಬೆಂಗಳೂರು ಮುಸ್ಲಿಮ್ಸ್ ಬಂದಿದ್ದು ಈ ನೆಲದಿಂದ. ಹೆಸರು ಕೇಳಿ ಈಗ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆ ಕಾಲದಲ್ಲಿ ಅದು ಸಾಮಾನ್ಯ. ಬಾಂಬೆಯಲ್ಲೇ ಕ್ರಿಕೆಟ್‌ನ ದೊಡ್ಡ ಪಂದ್ಯಾವಳಿಯನ್ನ ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಅಂತ ಟೀಮ್ ಮಾಡಿ ಆಡ್ತಿದ್ರು. 1937ರಲ್ಲಿ ಅದಕ್ಕೆ ‘ದಿ ರೆಸ್ಟ್’ ಅಂತ ಐದನೇ ಟೀಮ್ ಸೇರಿತು. ಕ್ಲಬ್ಬುಗಳು ಕಟ್ಟಿಕೊಳ್ತಿದ್ದಿದ್ದೇ ಸಮುದಾಯದ ಹೆಸರಲ್ಲಿ.

ಅದೇ 1937. ರೋವರ್ಸ್ ಕಪ್ ಶುರುವಾಗಿ 46 ವರ್ಷ. ಫೈನಲ್‌ನಲ್ಲಿ ಎರಡೂ ಕಡೆ ಭಾರತೀಯ ಟೀಮುಗಳು. ಒಂದು ಕಡೆ ಮೇಲೆ ಹೇಳಿದ ಮೊಹಮ್ಮಡನ್ ಸ್ಪೋರ್ಟಿಂಗ್, ಆಗ ದೇಶದಲ್ಲೇ ಅತಿ ಬಲವಾದ ಕ್ಲಬ್ಬು. ಇನ್ನೊಂದು ಕಡೆ ಬೆಂಗಳೂರು ಮುಸ್ಲಿಮ್ಸ್. ಬೆಂಗಳೂರು 1-0ರಿಂದ ಗೆದ್ದಿತು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ಟೀಮ್ ಅದು. ಕಲ್ಕತ್ತಾದವರಲ್ಲ, ಬಾಂಬೆಯವರೂ ಅಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದೂ ಅದೇ ವರ್ಷದ ಜೂನ್‌ನಲ್ಲಿ, ಸಿಮ್ಲಾದಲ್ಲಿ. ಅದನ್ನ ಕಟ್ಟಿದ ಸಂಸ್ಥೆಗಳ ಸಾಲಿನಲ್ಲಿ ಸೈನ್ಯದ ಕ್ರೀಡಾ ಮಂಡಳಿಯೂ ಇತ್ತು.

ಆದರೆ ನನ್ನ ಲೆಕ್ಕದಲ್ಲಿ 1937ಕ್ಕಿಂತ 1938 ದೊಡ್ಡದು. ಯಾಕಂದ್ರೆ 1937ರ ಫೈನಲ್‌ನಲ್ಲಿ ಎದುರಿಗೆ ಪಲ್ಟನ್ ಇರಲಿಲ್ಲ. 1938ರಲ್ಲಿ ಇತ್ತು: ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್, ಸ್ಕಾಟ್‌ಲೆಂಡಿನ ಹೆಸರಾಂತ ರೆಜಿಮೆಂಟು. ಬೆಂಗಳೂರು 3-2ರಿಂದ ಗೆದ್ದು ಕಪ್ ಉಳಿಸಿಕೊಂಡಿತು. ದಂಡಿನ ಹುಡುಗರು ದಂಡಿನ ಟೀಮನ್ನ ದಂಡಿನ ಕಪ್‌ನಲ್ಲೇ ಸೋಲಿಸಿದರು.

ಸೋತವರ ಕತೆಯನ್ನೂ ಹೇಳಿಬಿಡ್ತೀನಿ. ಇದನ್ನ ಓದಿದ ಮೇಲೆ ನನಗೆ ಆ ಸ್ಕೋರು ಬರೀ ಸ್ಕೋರಾಗಿ ಉಳಿಯಲಿಲ್ಲ. ಆ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಆಗ ಭಾರತದಲ್ಲಿತ್ತು, ಸಿಕಂದರಾಬಾದಿನ ನೆಲೆ. 1939ರಲ್ಲಿ ಯುದ್ಧದ ಮೋಡ ಕವಿದಾಗ ಆದೇಶ ಬಂತು, ಸಿಂಗಪುರಕ್ಕೆ ಹೊರಡಿ ಅಂತ. ಜಪಾನೀಯರು ಮಲಯಾಕ್ಕೆ ನುಗ್ಗಿದಾಗ ಈ ಬೆಟಾಲಿಯನ್ ಕಾಡಿನ ದಾರಿಯಲ್ಲಿ ಹಿಂದೆ ಸರೀತಾ ಸರೀತಾ ಹೋರಾಡಿತು. 1942ರ ಜನವರಿಯಲ್ಲಿ ಸ್ಲಿಮ್ ನದಿಯ ಹತ್ತಿರ ಬಹುಪಾಲು ನಾಶವಾಯಿತು. ಅದೇ ತಿಂಗಳ 31ರಂದು ಸಿಂಗಪುರಕ್ಕೆ ಸೇರಿಸೋ ಸೇತುವೆ ರಸ್ತೆಯನ್ನ ಸ್ಫೋಟಿಸುವ ಮುಂಚೆ ಕೊನೆಯದಾಗಿ ದಾಟಿದವರು ಇವರೇ, ಬ್ಯಾಗ್‌ಪೈಪ್ ಊದುತ್ತಾ. ಎರಡು ವಾರದಲ್ಲಿ ಸಿಂಗಪುರ ಬಿತ್ತು. ಉಳಿದವರು ಜಪಾನೀಯರ ಕೈಸೆರೆ. ಕೂಪರೇಜಿನ ಆ ಸೀಸನ್ ಮುಗಿದು ನಾಲ್ಕು ವರ್ಷವೂ ಆಗಿರಲಿಲ್ಲ. ಪಲ್ಟನ್ ಟೀಮಿಗೆ ‘ಮುಂದಿನ ಸೀಸನ್’ ಅನ್ನೋದು ಎಂಥಾ ಮಾತು ಅಂತ ಇದರಿಂದ ತಿಳಿಯುತ್ತೆ.

ಬೆಂಗಳೂರು ಮುಸ್ಲಿಮ್ಸ್ 1940ರಲ್ಲಿ ಮತ್ತೆ ಫೈನಲ್‌ಗೆ ಬಂದರು. ಈ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ 1-0ರಿಂದ ಹಳೇ ಬಾಕಿ ತೀರಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನ 2-1ರಿಂದ ಸೋಲಿಸಿ ಡ್ಯುರಾಂಡ್ ಕೂಡ ಗೆದ್ದರು, ಅಲ್ಲೂ ಮೊದಲ ಭಾರತೀಯ ಟೀಮ್.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಾಂಬೆ ತುಂಬಾ ಸೈನಿಕರು. ಕಲ್ಯಾಣದ ಹತ್ತಿರ ದೊಡ್ಡ ಟ್ರಾನ್ಸಿಟ್ ಕ್ಯಾಂಪ್ ಕಟ್ಟಿದರು. ಯುದ್ಧ ಮುಗಿದು ದೇಶ ಒಡೆದಾಗ ಅದೇ ಖಾಲಿ ಬ್ಯಾರಕ್ಕುಗಳಿಗೆ ಸಿಂಧಿ ನಿರಾಶ್ರಿತರನ್ನ ತಂದು ಇಳಿಸಿದರು, 1949ರಲ್ಲಿ ಅದಕ್ಕೆ ಉಲ್ಹಾಸನಗರ ಅಂತ ಹೆಸರಿಟ್ಟರು. ಸೆಂಟ್ರಲ್ ಲೈನಿನಲ್ಲಿ ಓಡಾಡೋರಿಗೆ ಊರು ಗೊತ್ತು, ಬೀದಿಗಳ ಕೆಳಗೆ ಬ್ಯಾರಕ್ಕುಗಳ ನಕ್ಷೆ ಇರೋದು ಗೊತ್ತಿರಲಿಕ್ಕಿಲ್ಲ. ಈ ಕಾಲದ ರೋವರ್ಸ್ ಪಟ್ಟಿಯಲ್ಲಿ ಹಳೇ ರೆಜಿಮೆಂಟುಗಳ ಜೊತೆ ‘ಬ್ರಿಟಿಷ್ ಬೇಸ್ ರಿಇನ್‌ಫೋರ್ಸ್‌ಮೆಂಟ್ ಕ್ಯಾಂಪ್’ ಅನ್ನೋ ಟೀಮು ಕಾಣುತ್ತೆ. ಅಂದ್ರೆ ಯಾವ ರಣರಂಗಕ್ಕೆ ಕಳಿಸ್ತಾರೆ ಅಂತ ಗೊತ್ತಿಲ್ಲದೆ ಕಾಯ್ತಾ ಕೂತವರ ಟೀಮು. ಪೋಸ್ಟಿಂಗ್ ಇಲ್ಲದವರೇ ಸೇರಿ ಕಪ್ ಎತ್ತಿದರು. ಸಾಫ್ಟ್‌ವೇರ್ ಭಾಷೆಯಲ್ಲಿ ಪೂರ್ತಿ ಬೆಂಚಿನ ಟೀಮ್.

ಆಮೇಲೆ 1948. ಫೆಬ್ರವರಿ 28ರಂದು ಸಾಮರ್‌ಸೆಟ್ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ ಗೇಟ್‌ವೇ ಆಫ್ ಇಂಡಿಯಾದ ಕಮಾನಿನ ಕೆಳಗೆ ಮೆರವಣಿಗೆ ಮಾಡಿ ಹಡಗು ಹತ್ತಿತು. ಭಾರತ ಬಿಟ್ಟ ಕೊನೇ ಬ್ರಿಟಿಷ್ ಪಲ್ಟನ್. ಹಡಗಿನ ಟೈಮ್‌ಟೇಬಲ್ ಅಲ್ಲಿಗೆ ಮುಗಿಯಿತು. ಗೇಟ್‌ವೇಯಿಂದ ಕೂಪರೇಜಿಗೆ ನಡೆದರೆ ಹದಿನೈದು ಇಪ್ಪತ್ತು ನಿಮಿಷ. ಆ ವರ್ಷದ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, ಮೂರನೇ ಸಲ. ಅದೇ ಬೇಸಿಗೆಯಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಟೀಮ್ ಫ್ರಾನ್ಸ್ ವಿರುದ್ಧ 2-1ರಿಂದ ಸೋತಿತು, ಹೆಚ್ಚಿನವರು ಬರಿಗಾಲಿನಲ್ಲಿ ಆಡಿ, ಎರಡು ಪೆನಾಲ್ಟಿ ಕಳೆದುಕೊಂಡು. ಭಾರತದ ಆ ಒಂದು ಗೋಲು ಹೊಡೆದವರು ಎಸ್. ರಾಮನ್, ಬೆಂಗಳೂರಿನವರು. ಗೋಲ್‌ಕೀಪರ್ ಕೆ.ವಿ. ವರದರಾಜ್, ಮುಂದೆ ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್, ಇವರೂ ಬೆಂಗಳೂರಿನವರೇ. ದಂಡು ಖಾಲಿಯಾದರೂ ದಂಡಿನ ಫುಟ್‌ಬಾಲ್ ಖಾಲಿಯಾಗಲಿಲ್ಲ.

ಟೀಮು ಒಂದೇ ಕಡೆ ನಿಂತರೆ ಏನು ಸಾಧ್ಯ ಅನ್ನೋದನ್ನ ಪೂರ್ತಿ ತೋರಿಸಿದವರು ಹೈದರಾಬಾದ್ ಪೊಲೀಸರು. ಅಜಯ್ ದೇವಗನ್ ಅವರ ‘ಮೈದಾನ್’ ನೋಡಿದ್ದರೆ ಸೈಯದ್ ಅಬ್ದುಲ್ ರಹೀಮ್ ಹೆಸರು ನಿಮಗೆ ಗೊತ್ತು. ಅವರ ಕೈಕೆಳಗೆ ಈ ಟೀಮ್ 1950ರಿಂದ 1954ರವರೆಗೆ ಸತತ ಐದು ರೋವರ್ಸ್ ಗೆದ್ದಿತು. ಅವರೂ ಯೂನಿಫಾರ್ಮಿನವರೇ: ಶಿಸ್ತು ಇದೆ, ಸಂಬಳ ಇದೆ, ಬೆಳಗಿನ ಕವಾಯತು ಇದೆ. ಪಲ್ಟನ್‌ನಲ್ಲಿದ್ದ ಅನುಕೂಲ ಎಲ್ಲ ಇದೆ, ಒಂದು ತೊಂದರೆ ಮಾತ್ರ ಇಲ್ಲ. ಪೊಲೀಸಿನವನನ್ನ ಹಡಗು ಹತ್ತಿಸಿ ಸಿಂಗಪುರಕ್ಕೆ ಕಳಿಸಲ್ಲ. ಒಬ್ಬ ಕೋಚ್, ಅದೇ ಆಟಗಾರರು, ಐದು ವರ್ಷ. ಬ್ರಿಟಿಷ್ ಕಾಲದಲ್ಲಿ ಯಾವ ರೆಜಿಮೆಂಟಿಗೂ ರೋವರ್ಸ್‌ನಲ್ಲಿ ಸಿಗದ ಸವಲತ್ತು ಇದು.

ಮುಂದಿನ ಕಾಲ ಆಫೀಸ್ ಟೀಮುಗಳದ್ದು. ಮುಂಬೈಯಲ್ಲಿ ಕ್ಯಾಲ್ಟೆಕ್ಸ್, ಟಾಟಾ, ಮಫತ್‌ಲಾಲ್, ಓರ್ಕೆ ಮಿಲ್ಸ್, ಏರ್ ಇಂಡಿಯಾ, ಮಹೀಂದ್ರ, ರೈಲ್ವೆ, ಬ್ಯಾಂಕುಗಳು. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಬಿಇಎಲ್, ಜೊತೆಗೆ ಸೈನ್ಯದ ಎಂ.ಇ.ಜಿ. ಮತ್ತು ಎ.ಎಸ್.ಸಿ. ಸೆಂಟರ್‌ಗಳು. ಆಟಗಾರನಿಗೆ ನೌಕರಿ, ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ರಜೆ, ರಿಟೈರ್ ಆದ ಮೇಲೆ ಪಿಂಚಣಿ. ಎಷ್ಟೋ ಬಡ ಮನೆಗಳು ಫುಟ್‌ಬಾಲಿಂದ ಎದ್ದು ನಿಂತಿದ್ದು ಈ ದಾರಿಯಲ್ಲಿ. ಇದು ಕೂಡ ನಿಂತಿದ್ದು ಯಜಮಾನರ ಮರ್ಜಿಯ ಮೇಲೆ. ಬಜೆಟ್ ಕಟ್ ಆದ ದಿನ ಟೀಮ್ ಇಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಎಚ್‌ಎಎಲ್ ಐ-ಲೀಗ್‌ವರೆಗೂ ಹೋಗಿ ಹಿಂದೆ ಸರಿಯಿತು. ರೋವರ್ಸ್ ಕಪ್ ಕೂಡ 2000-01ರ ಹೊತ್ತಿಗೆ ನಿಂತೇ ಹೋಯಿತು, ನೂರಾಹತ್ತು ವರ್ಷದ ಆಸುಪಾಸಿನಲ್ಲಿ. ನನಗೆ ಇದರಲ್ಲಿ ತುಂಬಾ ಬೇಜಾರು ತರಿಸೋದು ಒಂದೇ: ಡ್ಯುರಾಂಡ್ ಉಳಿದಿದ್ದು ಅದರ ಹಿಂದೆ ಸೈನ್ಯ ನಿಂತಿದ್ದರಿಂದ. ರೋವರ್ಸ್ ಹಿಂದೆ ಹಾಗೆ ನಿಲ್ಲೋಕೆ ಇಷ್ಟು ದೊಡ್ಡ, ಇಷ್ಟು ದುಡ್ಡಿರೋ ನಗರಕ್ಕೆ ಆಗಲಿಲ್ಲ.

ಸೈನ್ಯದ ಟೀಮುಗಳು ಈಗ ಹೇಗಿವೆ ಅಂತ ಕೇಳಬಹುದು. ಚೆನ್ನಾಗೇ ಇವೆ. ಈಗ ಒಂದೊಂದು ರೆಜಿಮೆಂಟಿನ ಬದಲು ಇಡೀ ಸೈನ್ಯದಿಂದ ಆರಿಸಿದ ಆರ್ಮಿ ರೆಡ್, ಆರ್ಮಿ ಗ್ರೀನ್ ತರದ ಟೀಮುಗಳು, ನೌಕಾಪಡೆ, ವಾಯುಪಡೆ. ಮೂರೂ ಸೇರಿ ಸಂತೋಷ್ ಟ್ರೋಫಿಗೆ ‘ಸರ್ವಿಸಸ್’. ಆಟಗಾರ ಆಟಕ್ಕಾಗಿಯೇ ಒಂದು ಕಡೆ ಇರ್ತಾನೆ, ಹಳೇ ಪೋಸ್ಟಿಂಗ್ ಸಮಸ್ಯೆಗೆ ಕಂಡುಕೊಂಡ ಪರಿಹಾರ ಅದು. ಆರ್ಮಿ ಗ್ರೀನ್ 2016ರಲ್ಲಿ ಡ್ಯುರಾಂಡ್ ಗೆದ್ದಿತು. ಸರ್ವಿಸಸ್ 2024ರ ಮಾರ್ಚ್‌ನಲ್ಲಿ ಅರುಣಾಚಲದಲ್ಲಿ ಗೋವಾವನ್ನ 1-0ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದರ ಹಿಂದಿನ ವರ್ಷ ರಿಯಾದ್‌ನಲ್ಲಿ ಸೆಮಿಫೈನಲ್‌ನಲ್ಲಿ ಇದೇ ಸರ್ವಿಸಸ್ ಅನ್ನ 3-1ರಿಂದ ಸೋಲಿಸಿದ್ದು ನಮ್ಮ ಕರ್ನಾಟಕ. ಫೈನಲ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ 54 ವರ್ಷದ ಮೇಲೆ ಟ್ರೋಫಿ ತಂದರು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು.

ಮುಂಬೈಯಲ್ಲಿ ಬೆಂಗಳೂರು ಕಪ್ ಎತ್ತಿದ್ದು 1948ಕ್ಕೇ ಮುಗಿಯಲಿಲ್ಲ. 2019ರ ಮಾರ್ಚ್ 17, ಅಂಧೇರಿಯ ಮುಂಬೈ ಫುಟ್‌ಬಾಲ್ ಅರೀನಾ, ಐಎಸ್‌ಎಲ್ ಫೈನಲ್. ಬೆಂಗಳೂರು ಎಫ್‌ಸಿ ಎದುರು ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗೀತಾ ಬಂತು. 117ನೇ ನಿಮಿಷದಲ್ಲಿ ಕಾರ್ನರ್ ಕಿಕ್‌ಗೆ ತಲೆ ಕೊಟ್ಟು ಗೋಲು ಹೊಡೆದದ್ದು ರಾಹುಲ್ ಭೇಕೆ, ಮುಂಬೈ ಹುಡುಗ. ಸ್ಕೋರು ಮತ್ತೆ 1-0, 1937ರ ಫೈನಲ್‌ನದ್ದೇ. ಕ್ಯಾಪ್ಟನ್ ಸುನಿಲ್ ಛೆಟ್ರಿ, ತಂದೆ ಸೈನ್ಯದ ಇ.ಎಂ.ಇ. ವಿಭಾಗದಲ್ಲಿದ್ದವರು, ಮಗ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. 2022ರ ಸೆಪ್ಟೆಂಬರಿನಲ್ಲಿ ಕಲ್ಕತ್ತಾದಲ್ಲಿ ಡ್ಯುರಾಂಡ್ ಫೈನಲ್ ಆದಾಗ ಎದುರಾಳಿ ಮುಂಬೈ ಸಿಟಿಯೇ, ಬೆಂಗಳೂರು 2-1ರಿಂದ ಗೆದ್ದಿತು.

ಊರಿಗೆ ಹೋದಾಗ ಅಲಸೂರಿನ ಗೌತಮಪುರಕ್ಕೆ ಒಮ್ಮೆ ಹೋಗಿಬನ್ನಿ. ಬೀದಿಯಲ್ಲಿ ಪೆಲೆಯ ವಿಗ್ರಹ ನಿಲ್ಲಿಸಿದ್ದಾರೆ, ಪಕ್ಕದಲ್ಲೇ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ. ಹಳೇ ದಂಡಿನ ಸೀಮೆ ಅದು. ಮುಂಬೈಯಲ್ಲಿ ಇರೋರು ಮಳೆಗಾಲದ ಒಂದು ಸಂಜೆ ಚರ್ಚ್‌ಗೇಟ್‌ನಲ್ಲಿ ಇಳಿದು ಕೂಪರೇಜ್‌ವರೆಗೆ ನಡೀರಿ. ಲೋಕಲ್ ಲೀಗ್ ಮ್ಯಾಚ್ ನಡೀತಿದ್ರೆ ಒಳಗೆ ಹೋಗಿ ಕೂತ್ಕೊಳ್ಳಿ. ಕೊಡೆ ಮರೀಬೇಡಿ.